ಗೆರೆ ಇಲ್ಲದ ಚೌಕ

ಹಳೆಯ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೆ ಸೇರುವ ಹುಮ್ಮಸ್ಸು ಉಳಿಯುತ್ತದೋ ಇಲ್ಲವೋ, ಅದಕ್ಕೆ ನಾನು ಹೊಣೆಯಲ್ಲ. ಸೇವೆಯಲ್ಲಿದ್ದಾಗ ಎರಡು ಸಲ ಶಾಲು ಹೊದಿಸಿ ಹಾರ ಹಾಕಿದ್ದರು. ಆ ಶಾಲುಗಳ ಹೆಮ್ಮೆಗೆ ಇದನ್ನು ಬರೆಯುತ್ತಿಲ್ಲ. ಹೊಸದನ್ನು ಬರೆಯುವವರಿಗೆ ಹೆಸರು ಬರುತ್ತದೆ. ಬೇರೆಯವರು ಬರೆದು ಬಿಟ್ಟುಹೋದದ್ದನ್ನು ನಡೆಸಿಕೊಂಡು ಹೋಗುವವರಿಗೆ ಬರುವುದು ಫೋನು ಮಾತ್ರ, ಅದೂ ಏನಾದರೂ ಕೆಟ್ಟಾಗ.

ನಾನು ಕೆಲಸ ಮಾಡಿದ್ದು ಬೀದರಿನಲ್ಲಿ, ಕುರಿ ಸಾಕುವವರ ಒಂದು ಸಹಕಾರ ಸಂಘದಲ್ಲಿ. ಅದರ ಹೆಸರು ಬೇಡ. ಮುಖ್ಯ ಕಚೇರಿ ಬೀದರಿನಲ್ಲಿ, ಶಾಖೆಗಳು ಭಾಲ್ಕಿ ಮತ್ತು ಔರಾದಿನಲ್ಲಿ. ಸಂಘದ ದೊಡ್ಡ ಕೆಲಸವೆಂದರೆ ಸದಸ್ಯರ ಕುರಿಗಳಿಗೆ ಮಳೆಗಾಲಕ್ಕೆ ಮೊದಲು ಲಸಿಕೆ ಹಾಕಿಸುವುದು. ಯಾವ ಊರಿಗೆ ಯಾವ ದಿನ ಹೋಗಬೇಕು, ಯಾರ ಹಟ್ಟಿಯಲ್ಲಿ ಎಷ್ಟು ಕುರಿ ಇವೆ, ಎಷ್ಟು ಡೋಸು ಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರು ಪಟ್ಟಿ ಮಾಡಿ ಕೊಡುತ್ತಿತ್ತು. ಲಸಿಕೆಯ ತಂಡ ಆ ಪಟ್ಟಿಯನ್ನು ಹಿಡಿದು ಜೀಪಿನಲ್ಲಿ ಹೊರಡುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದವರ ಕುರಿಗೆ ಸೂಜಿ, ಇಲ್ಲದವರ ಕುರಿಗೆ ಇಲ್ಲ. ಐಸ್ ಪೆಟ್ಟಿಗೆಯಲ್ಲಿ ಡೋಸುಗಳೂ ಪಟ್ಟಿಗೆ ತಕ್ಕಷ್ಟೇ ಇರುತ್ತಿದ್ದವು. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಆ ಪಟ್ಟಿಯ ವ್ಯವಸ್ಥೆಯನ್ನು ಬರೆದವರು ಹೈದರಾಬಾದಿನ ಇಬ್ಬರು. ಬರೆದು, ನಡೆಸಿ ತೋರಿಸಿ, ಚಹಾ ಕುಡಿದು ಕೈ ತೊಳೆದುಕೊಂಡು ಹೋದರು. ಆಮೇಲೆ ಅವರು ಕೊಟ್ಟುಹೋದ ಫೋನ್ ನಂಬರು ಯಾವತ್ತೂ ಹತ್ತಲಿಲ್ಲ. ನಾನು ಸೇರಿದ ದಿನ ನನ್ನ ಕೈಗೆ ಬಂದದ್ದು ಒಂದು ಗೋಣಿಚೀಲದ ತುಂಬ ಪ್ರಿಂಟ್‌ಔಟು. ನೂರಕ್ಕೂ ಹೆಚ್ಚು ಸಣ್ಣ ಸಣ್ಣ ಪ್ರೋಗ್ರಾಮುಗಳು, ಒಂದು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು ಕರೆಯುತ್ತದೆ. ಎಲ್ಲಿಂದ ಓದಲು ಸುರು ಮಾಡಬೇಕೆಂದೇ ತಿಳಿಯದು. ನನ್ನೂರು ಭಾತಂಬ್ರಾದ ಶಾಲೆಯಲ್ಲಿ ಗಣಿತಕ್ಕೆ ಮೊದಲು ಬರುತ್ತಿದ್ದವಳು ನಾನು. ಆ ಗೋಣಿಚೀಲದ ಎದುರು ಮೂರು ವಾರ ಕೂತು, ಊಟದ ಡಬ್ಬಿ ಬಿಚ್ಚದೆ ವಾಪಸು ಒಯ್ದದ್ದೂ ಉಂಟು.

ನನ್ನನ್ನು ಆ ಚೀಲದಿಂದ ಹೊರಗೆ ತಂದವರು ಖಲೀಲ್ ಸಾಹೇಬರು. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಮೊದಲು ಹೊಲ ಅಳೆಯುವ ಒಬ್ಬ ಖಾಸಗಿ ಸರ್ವೇಯರನ ಹತ್ತಿರ ಊರುಗಳ ನಕ್ಷೆಯನ್ನು ಟ್ರೇಸ್ ಮಾಡುವ ಕೆಲಸದಲ್ಲಿದ್ದರು. ಲಸಿಕೆಯ ಜೀಪಿಗೆ ದಾರಿಯ ನಕ್ಷೆ ಬರೆದುಕೊಡಲು ಸಂಘ ಅವರನ್ನು ಇಟ್ಟುಕೊಂಡಿತ್ತು. ಒಂದು ಮಧ್ಯಾಹ್ನ ನನ್ನ ಮೇಜಿನ ಮೇಲಿನ ಗುಡ್ಡೆಯನ್ನು ನೋಡಿ, ಇದು ಎಷ್ಟು ಸರ್ವೆ ನಂಬರಿನ ಊರು ಎಂದು ತಮಾಷೆ ಮಾಡಿದರು. ನಾನು ನಗಲಿಲ್ಲ. ಅವರು ತಮ್ಮ ಟ್ರೇಸಿಂಗ್ ಬಟ್ಟೆ, ಇಂಡಿಯನ್ ಇಂಕು, ಅಡಿಪಟ್ಟಿ ತಂದು ಎದುರಿಗೆ ಕೂತರು.

ಅವರ ಪದ್ಧತಿ ಸರಳ. ಒಂದೊಂದು ಪ್ರೋಗ್ರಾಮಿಗೆ ಒಂದು ಚೌಕ. ಪ್ರತಿ ಚೌಕಕ್ಕೂ ಎರಡೇ ಪ್ರಶ್ನೆ: ಇಲ್ಲಿಗೆ ಎಲ್ಲಿಂದ ಬರುತ್ತಾರೆ, ಇಲ್ಲಿಂದ ಎಲ್ಲಿಗೆ ಹೋಗುತ್ತಾರೆ? ನಾನು ಪ್ರಿಂಟ್‌ಔಟಿನಲ್ಲಿ ಹುಡುಕಿ ಹೇಳುತ್ತಿದ್ದೆ, ಅವರು ಗೆರೆ ಎಳೆಯುತ್ತಿದ್ದರು. ಒಂದೂವರೆ ತಿಂಗಳಿಗೆ ನಕ್ಷೆ ಮುಗಿಯಿತು. ಗೋಡೆಯ ಮೇಲೆ ಅಂಟಿಸಿ ಹಿಂದೆ ಸರಿದು ನಿಂತಾಗ ನಾನು ಅತ್ತುಬಿಟ್ಟೆ. ಮೂರು ವಾರ ಓದಿ ತಿಳಿಯದ್ದು ಒಂದೇ ನೋಟಕ್ಕೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ನಡುವೆ ಪಟ್ಟಿ ಮಾಡುವ ದೊಡ್ಡ ಚೌಕ, ಅದರ ಸುತ್ತ ತಾರೀಖಿನದು, ಊರಿನದು, ಡೋಸಿನದು, ವಾರಸುದಾರರದು.

ಅದರ ಉಪಯೋಗ ಮೊದಲ ವರ್ಷವೇ ಕಂಡಿತು. ಭಾತಂಬ್ರಾಕ್ಕೆ ಎರಡು ಬೇರೆ ತಾರೀಖು ಬಂದಿತ್ತು. ಒಂದು ದಿನ ತಂಡ ಹೋಗಿ ಸೂಜಿ ಹಾಕಿ ಬಂತು, ಎಂಟು ದಿನ ಬಿಟ್ಟು ಮತ್ತೆ ಹೋಗಿ ಬೈಸಿಕೊಂಡು ಬಂತು. ನಕ್ಷೆ ನೋಡಿದರೆ ಊರಿನ ಚೌಕಕ್ಕೆ ಎರಡು ಕಡೆಯಿಂದ ಗೆರೆ ಬಂದಿತ್ತು, ಒಂದು ಭಾಲ್ಕಿ ಶಾಖೆಯಿಂದ, ಇನ್ನೊಂದು ಬೀದರಿನಿಂದ. ನನ್ನ ತವರೂರು ಎರಡೂ ಕಡೆ ದಾಖಲಾಗಿತ್ತು. ಅರ್ಧ ಗಂಟೆಯಲ್ಲಿ ಸರಿ ಮಾಡಿದೆ. ಇಂಥ ಐದಾರು ಪ್ರಸಂಗಗಳಾದ ಮೇಲೆ ನನಗೆ ನಕ್ಷೆಯ ಹುಚ್ಚು ಹಿಡಿಯಿತು. ಫೋನು ಬಂದರೆ ಮೊದಲು ನೋಡುವುದು ಗೋಡೆಯನ್ನು, ಆಮೇಲೆ ಪ್ರೋಗ್ರಾಮನ್ನು. ಆ ಹುಚ್ಚು ನನ್ನನ್ನು ಎಲ್ಲಿಗೆ ಒಯ್ಯಿತು ಎಂಬುದನ್ನೇ ನಾನು ಹೇಳಹೊರಟಿರುವುದು.

ಮೇಲಧಿಕಾರಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಒಂದು ವರ್ಷ ನಾನು ಚೌಕಗಳಿಗೆ ಬಣ್ಣ ಹಚ್ಚಿದೆ. ಯಾವ ಪ್ರೋಗ್ರಾಮನ್ನು ಹೆಚ್ಚು ಸಲ ತಿದ್ದಿದ್ದೇವೋ ಅದಕ್ಕೆ ಕೆಂಪು, ಕಡಿಮೆ ತಿದ್ದಿದ್ದಕ್ಕೆ ಹಳದಿ, ಮುಟ್ಟದ್ದಕ್ಕೆ ಹಸಿರು. ಎಲ್ಲಿ ಎಚ್ಚರ ಬೇಕೆಂದು ನನಗೆ ತಿಳಿಯಲಿ ಎಂದು ಹಾಗೆ ಮಾಡಿದ್ದು. ನಮ್ಮ ಮ್ಯಾನೇಜರ್ ಸಾಹೇಬರು ಬಂದು ನೋಡಿ ಗಾಬರಿಯಾದರು. ಆಡಳಿತ ಮಂಡಳಿಯವರು ಬರುವವರಿದ್ದಾರೆ, ಗೋಡೆಯ ಮೇಲೆ ಇಷ್ಟು ಕೆಂಪು ಇದ್ದರೆ ಏನೆಂದುಕೊಂಡಾರು, ಎಲ್ಲ ಹಸಿರು ಮಾಡಿಬಿಡು ಎಂದರು. ನಾನು ಪ್ರೋಗ್ರಾಮುಗಳನ್ನು ಸರಿ ಮಾಡಲು ಆರು ತಿಂಗಳು ಕೇಳಿದೆ. ಅವರು ಪ್ರೋಗ್ರಾಮಿನ ಮಾತಾಡುತ್ತಿರಲಿಲ್ಲ, ಬಣ್ಣದ ಮಾತಾಡುತ್ತಿದ್ದರು. ಕೊನೆಗೆ ಖಲೀಲ್ ಸಾಹೇಬರು ಇನ್ನೊಂದು ಬಟ್ಟೆಯ ಮೇಲೆ ಹಸಿರು ನಕ್ಷೆ ಬರೆದುಕೊಟ್ಟರು. ಮಂಡಳಿಯವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು.

ನಾವಿಬ್ಬರೂ ಆ ದಿನ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಈಗ ಆ ನಗು ನೆನಪಾದರೆ ನಾಚಿಕೆಯಾಗುತ್ತದೆ. ಚಿತ್ರ ಚೆನ್ನಾಗಿ ಕಾಣಲಿ ಎಂದು ಮ್ಯಾನೇಜರರು ಬಣ್ಣವನ್ನಷ್ಟೇ ಬದಲಿಸಿದರು. ಕೆಲವು ವರ್ಷಗಳ ನಂತರ ಅದೇ ಕಾರಣಕ್ಕೆ ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ನಡುವೆ ಪದ್ಧತಿ ಬದಲಾಯಿತು. ಪ್ರೋಗ್ರಾಮುಗಳನ್ನು ತಾನೇ ಓದಿ ತಾನೇ ನಕ್ಷೆ ಬರೆಯುವ ಒಂದು ಉಪಕರಣ ಬಂತು. ಖಲೀಲ್ ಸಾಹೇಬರಿಗೆ ಒಂದೂವರೆ ತಿಂಗಳು ಹಿಡಿದದ್ದು ಅದಕ್ಕೆ ಎರಡು ನಿಮಿಷ. ಮೊದಲ ಸಲ ಅದು ಬರೆದ ಚಿತ್ರ ಉಣ್ಣೆಯ ಸಿಕ್ಕಿನಂತೆ ಇತ್ತು, ಯಾವ ಎಳೆ ಎಲ್ಲಿಗೆ ಹೋಗಿದೆ ಗೊತ್ತಾಗುತ್ತಿರಲಿಲ್ಲ. ನಾನು ದಿನಗಟ್ಟಲೆ ಕೂತು ಆ ಸಿಕ್ಕನ್ನು ಬಿಡಿಸಿದೆ, ಒಂದೇ ಜಾತಿಯ ಚೌಕಗಳನ್ನು ಒಟ್ಟಿಗೆ ಇಟ್ಟೆ, ಗೆರೆಗಳು ಒಂದನ್ನೊಂದು ದಾಟದಂತೆ ಮಾಡಿದೆ. ಕೊನೆಗೆ ಅಂದವಾದ ಚಿತ್ರ ಬಂತು, ಸ್ಕ್ರೀನಿನ ಮೇಲೆ ದೊಡ್ಡದು ಸಣ್ಣದು ಮಾಡಿ ನೋಡಬಹುದಾಗಿತ್ತು. ಬಟ್ಟೆಯ ನಕ್ಷೆ ಗೋಡೆಯ ಮೇಲೆ ಉಳಿಯಿತು. ಆದರೆ ಖಲೀಲ್ ಸಾಹೇಬರನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ಆ ಚಿತ್ರದಲ್ಲಿ ಒಂಬತ್ತು ಚೌಕಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು. ಯಾವ ಗೆರೆಯೂ ಬಂದು ಅವನ್ನು ಮುಟ್ಟುತ್ತಿರಲಿಲ್ಲ. ಅಂದರೆ ಯಾವ ಪ್ರೋಗ್ರಾಮೂ ಅವನ್ನು ಕರೆಯುವುದಿಲ್ಲ. ಇಂಥವಕ್ಕೆ ನಮ್ಮ ಕಚೇರಿಯಲ್ಲಿ ಲಾವಾರಿಸ್ ಎಂಬ ಹೆಸರು ಬಿದ್ದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಕೇಳದೆ ಬಿದ್ದ ಚೀಲಕ್ಕೂ, ಹೇಳುವವರು ಕೇಳುವವರು ಇಲ್ಲದೆ ಸತ್ತವರಿಗೂ ಬೀದರಿನಲ್ಲಿ ಇದೇ ಮಾತು. ಒಳ್ಳೆಯ ಪ್ರೋಗ್ರಾಮಿನಲ್ಲಿ ಲಾವಾರಿಸ್ ಇರಬಾರದು ಎಂದು ನಾನು ಎಲ್ಲೋ ತರಬೇತಿಯಲ್ಲಿ ಕಲಿತು ಬಂದಿದ್ದೆ. ಕೆಲಸಕ್ಕೆ ಬಾರದ್ದು ಉಳಿದರೆ ಮುಂದೆ ಓದುವವರಿಗೆ ದಾರಿ ತಪ್ಪುತ್ತದೆ. ಈ ಮಾತು ಸುಳ್ಳೇನಲ್ಲ. ಆದರೆ ನಿಜ ಹೇಳುತ್ತೇನೆ, ನನಗೆ ಮುಂದೆ ಓದುವವರ ಚಿಂತೆ ಇರಲಿಲ್ಲ. ಅಷ್ಟು ಅಂದವಾದ ಚಿತ್ರದ ಮೂಲೆಯಲ್ಲಿ ಆ ಒಂಬತ್ತು ಚೌಕಗಳು ಕಸದಂತೆ ಕಾಣುತ್ತಿದ್ದವು.

ಒಂದೊಂದನ್ನೇ ತೆಗೆದು ನೋಡಿದೆ. ಎಂಟು ನಿಜವಾಗಿಯೂ ಹಾಳು ಬಿದ್ದವು, ಯಾವುದೋ ಹಳೆಯ ಪ್ರಿಂಟರಿನವು. ಒಂಬತ್ತನೆಯದರ ಹೆಸರು ಬೇವಾ. ನಿಜಾಮರ ಕಾಲದಿಂದ ನಮ್ಮ ಕಡೆಯ ಕಾಗದಪತ್ರಗಳಲ್ಲಿ ಉಳಿದ ಮಾತು ಅದು, ವಿಧವೆ ಎಂದು ಅರ್ಥ. ಗಂಡನ ಸದಸ್ಯ ನಂಬರಿನಡಿ ಇರುವ ಕುರಿಗಳನ್ನು ಅವನು ಸತ್ತ ಮೇಲೆ ಹೆಂಡತಿಯ ಹೆಸರಿಗೆ ತಂದು ಪಟ್ಟಿಯಲ್ಲಿ ಕೂರಿಸುವ ನಲವತ್ತು ಸಾಲಿನ ಪ್ರೋಗ್ರಾಮು. ಬೀದರ್ ಮತ್ತು ಭಾಲ್ಕಿಯಲ್ಲಿ ಆಗಲೇ ಹೊಸ ನಮೂನೆ ಬಂದಿತ್ತು. ಗಂಡ ಸತ್ತವರಿಗೆ ಹೊಸ ನಂಬರು ಕೊಟ್ಟು, ಸಂಬಂಧದ ಕಾಲಮಿನಲ್ಲಿ ಪತ್ನಿ ಎಂದು ಬರೆಯುತ್ತಿದ್ದರು. ಬೇವಾ ಎಂಬ ಮಾತು ಸತ್ತಿದೆ, ಆ ಪ್ರೋಗ್ರಾಮೂ ಸತ್ತಿದೆ ಎಂದುಕೊಂಡೆ.

ಅಳಿಸುವ ಮೊದಲು ಖಲೀಲ್ ಸಾಹೇಬರು ನನ್ನ ಹಿಂದೆ ಬಂದು ನಿಂತಿದ್ದರು. ಅವರ ನಿವೃತ್ತಿಗೆ ಎರಡು ತಿಂಗಳಿತ್ತು. ಬಟ್ಟೆಯ ನಕ್ಷೆಯಲ್ಲಿ ಕೂಡ ಆ ಚೌಕಕ್ಕೆ ಗೆರೆ ಸಿಕ್ಕಿರಲಿಲ್ಲ, ಆದರೂ ತಾವು ಅದನ್ನು ಬಿಡದೆ ಬರೆದಿದ್ದನ್ನು ತೋರಿಸಿದರು. ಯಾಕೆ ಬರೆದಿರಿ ಎಂದು ಕೇಳಿದೆ.

"ಮೇಡಂ, ನಕ್ಷೆದಾಗ ದಾರಿ ಇಲ್ಲಂದ್ರ ಆ ಹೊಲಕ್ಕ ಯಾರೂ ಹೋಗಂಗಿಲ್ಲ ಅಂತ ಅಲ್ಲರಿ," ಎಂದರು. "ಬದು ಮ್ಯಾಲಿಂದ ನಡಕೋತ ಹೋಗ್ತಾರ. ನಾ ಟ್ರೇಸ್ ಮಾಡೋ ಮುಂದ ದಾರಿ ಸಿಗಲಿಲ್ಲಂದ್ರ ಊರಿಗಿ ಹೋಗಿ ಕೇಳ್ತಿದ್ದೆ. ಒಮ್ಮಿ ಔರಾದಿಗಿ ಕೇಳ್ರಿ."

ಔರಾದಿನ ಲೈನು ಆ ವಾರ ಕೆಟ್ಟಿತ್ತು. ಅಲ್ಲಿನ ದಾಖಲೆ ನನಗೆ ಸಿಗುತ್ತಿರಲಿಲ್ಲ, ಬಸ್ಸು ಹತ್ತಿ ಹೋಗಬೇಕಿತ್ತು. ಬೀದರ್ ಮತ್ತು ಭಾಲ್ಕಿಯ ದಾಖಲೆ ಹಾಕಿ ಪರೀಕ್ಷೆ ಮಾಡಿದೆ, ಪಟ್ಟಿ ಮೊದಲಿನಂತೆಯೇ ಬಂತು. ಸಾಹೇಬರಿಗೆ, ಇದು ಹೊಲವಲ್ಲ ಪ್ರೋಗ್ರಾಮು, ಇಲ್ಲಿ ಬದುವಿನ ಮೇಲೆ ಯಾರೂ ನಡೆಯುವುದಿಲ್ಲ ಎಂದೆ. ಸ್ವಲ್ಪ ಗತ್ತಿನಿಂದಲೇ ಅಂದೆ. ಅವರು ತಲೆದೂಗಿ ತಮ್ಮ ಮೇಜಿಗೆ ಹೋದರು. ನಾನು ಒಂಬತ್ತನ್ನೂ ಅಳಿಸಿದೆ. ಚಿತ್ರ ಸ್ವಚ್ಛವಾಯಿತು.

ಪ್ರೋಗ್ರಾಮಿನಲ್ಲಿ ಬದುವಿನ ಮೇಲೆ ನಡೆಯುವವರು ಹೇಗಿರುತ್ತಾರೆ ಎಂಬುದನ್ನು ಹೊಸಬರು ಇಲ್ಲಿ ಸರಿಯಾಗಿ ತಿಳಿದುಕೊಳ್ಳಬೇಕು. ಪಟ್ಟಿ ಮಾಡುವ ದೊಡ್ಡ ಪ್ರೋಗ್ರಾಮು ಸದಸ್ಯರ ದಾಖಲೆಯ ಸಂಬಂಧದ ಕಾಲಮನ್ನು ಓದುತ್ತಿತ್ತು. ಅಲ್ಲಿ ಯಾವ ಪದ ಬರೆದಿದೆಯೋ ಆ ಹೆಸರಿನ ಪ್ರೋಗ್ರಾಮನ್ನು ಹುಡುಕಿ ಕರೆಯುತ್ತಿತ್ತು. ಮಗ ಎಂದಿದ್ದರೆ ಮಗನದು, ಪತ್ನಿ ಎಂದಿದ್ದರೆ ಪತ್ನಿಯದು. ಆ ಎರಡನ್ನೂ ಹೊಸ ನಮೂನೆಯ ಪ್ರೋಗ್ರಾಮು ಹೆಸರು ಹಿಡಿದು ನೇರವಾಗಿಯೂ ಕರೆಯುತ್ತಿದ್ದುದರಿಂದ ಚಿತ್ರದಲ್ಲಿ ಗೆರೆ ಕಾಣುತ್ತಿತ್ತು. ಬೇವಾ ಎಂಬ ಹೆಸರು ಮಾತ್ರ ಪ್ರೋಗ್ರಾಮಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅದಕ್ಕೆ ಹೋಗುವ ಗೆರೆ ಇದ್ದದ್ದು ಔರಾದಿನ ದಾಖಲೆಯಲ್ಲಿ. ನನ್ನ ಉಪಕರಣ ಓದುತ್ತಿದ್ದದ್ದು ಪ್ರೋಗ್ರಾಮನ್ನು, ದಾಖಲೆಯನ್ನಲ್ಲ. ಇನ್ನೂ ಒಂದು ಪೆಟ್ಟು ಏನೆಂದರೆ, ಹುಡುಕಿದ ಪ್ರೋಗ್ರಾಮು ಸಿಗದಿದ್ದರೆ ಸದ್ದು ಮಾಡದೆ ಮುಂದಿನ ಹೆಸರಿಗೆ ಹೋಗು ಎಂದು ಹೈದರಾಬಾದಿನವರು ಬರೆದಿಟ್ಟಿದ್ದರು. ಹಾಗಾಗಿ ಎಲ್ಲಿಯೂ ತಪ್ಪು ಎಂದು ತೋರಿಸಲಿಲ್ಲ.

ಔರಾದಿನ ಶಾಖೆಯ ಗುಮಾಸ್ತರು ಮಾರುತಿರಾವ್. ಅವರ ಅಜ್ಜನ ಕಾಲದ ರಿಜಿಸ್ಟರಿನಲ್ಲಿ ಬೇವಾ ಎಂದೇ ಇತ್ತು, ಅವರೂ ಕಂಪ್ಯೂಟರಿನಲ್ಲಿ ಹಾಗೇ ಬರೆಯುತ್ತ ಬಂದಿದ್ದರು. ಹೊಸ ನಮೂನೆ ಅವರಿಗೆ ಮುಟ್ಟಿಯೇ ಇರಲಿಲ್ಲ. ಮುಟ್ಟಿಸಬೇಕಾದವಳು ನಾನೇ. ಆ ವರ್ಷ ಲಸಿಕೆಯ ಪಟ್ಟಿ ಔರಾದಿಗೆ ಹೋದ ಮೂರನೆಯ ದಿನ ಅವರ ಫೋನು ಬಂತು. ಪಟ್ಟಿ ಹೋದ ವರ್ಷಕ್ಕಿಂತ ಸಣ್ಣದಾಗಿದೆ, ಕೆಲವು ಹೆಣ್ಣುಮಕ್ಕಳ ಹೆಸರು ಕಾಣುತ್ತಿಲ್ಲ ಎಂದರು.

ನಾನು ಎದುರಿನ ಸ್ಕ್ರೀನ್ ನೋಡಿದೆ. ಎಲ್ಲ ಗೆರೆಗಳೂ ಇದ್ದಲ್ಲಿಯೇ ಇದ್ದವು.

"ನನ್ನ ಕಡಿಂದ ಎಲ್ಲಾ ಬರಾಬರ್ ಅದರಿ," ಎಂದೆ. "ನೀವೇ ಬರಿಯೋ ಮುಂದ ಬಿಟ್ಟಿರಬೇಕು. ಇನ್ನೊಮ್ಮಿ ನೋಡ್ರಿ."

ಅವರು ವಯಸ್ಸಾದವರು, ತಮ್ಮ ಕೈಯ ಬಗ್ಗೆ ಮೊದಲೇ ಅನುಮಾನ ಇದ್ದವರು. ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದರಿಂದ ತಮ್ಮದೇ ತಪ್ಪಿರಬೇಕು ಎಂದು ಒಪ್ಪಿಕೊಂಡರು. ಎರಡು ನಿಮಿಷದ ಆ ಫೋನನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಮತ್ತೆ ಮಾತಾಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಸರಿಯಾದ ಮಾತು ಹೇಳುತ್ತೇನೆ. ಪ್ರತಿ ಸಲವೂ ಅದು ಮುಗಿದುಹೋದ ಮಾತು.

ಔರಾದ್ ತಾಲ್ಲೂಕಿನಲ್ಲಿ ಹನ್ನೊಂದು ಹೆಸರುಗಳು ಬಿಟ್ಟುಹೋಗಿದ್ದವು. ಚಿಂತಾಕಿಯ ಇಬ್ಬರ ಕುರಿಗಳಿಗೆ ಮೈದುನಂದಿರ ಹೆಸರಿನಲ್ಲಿ ಹೇಗೋ ಸೂಜಿ ಬಿತ್ತು. ಇನ್ನು ಕೆಲವರ ಊರಿಗೆ ಆ ವರ್ಷ ರೋಗ ಬರಲಿಲ್ಲ. ಠಾಣಾ ಕುಶನೂರಿಗೆ ಬಂತು. ಮಳೆ ಹಿಡಿದ ಮೇಲೆ ಬರುವ ನೀಲಿ ನಾಲಿಗೆ ರೋಗ. ಜ್ವರ ಬಂದು ಬಾಯಿ ಬಾತು, ನಾಲಿಗೆ ಕಪ್ಪುನೀಲಿಗೆ ತಿರುಗಿ, ಕುರಿ ಮೇವು ಮುಟ್ಟದೆ ಕಾಲು ಎಳೆಯುತ್ತದೆ. ಸೂಜಿ ಬಿದ್ದ ಹಟ್ಟಿಗಳು ಉಳಿದವು.

ಆ ಊರಿನ ಜಗದೇವಿ ನಮ್ಮ ಕಚೇರಿಗೆ ಬಂದದ್ದು ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ. ಠಾಣಾ ಕುಶನೂರಿನಿಂದ ಔರಾದಿಗೆ, ಔರಾದಿನಿಂದ ಬೀದರಿಗೆ ಬಸ್ಸು ಬದಲಿಸಿ ಬಂದಿದ್ದರು. ನಲವತ್ತೈದರ ಆಸುಪಾಸು. ಗಂಡ ಮಾಣಿಕಪ್ಪ ತೀರಿ ಆರು ವರ್ಷವಾಗಿತ್ತು, ಹಟ್ಟಿಯನ್ನು ಒಬ್ಬರೇ ನಡೆಸುತ್ತಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಸುರಿದರು. ಕುರಿಗಳ ಕಿವಿಗೆ ಹಾಕುವ ನಮ್ಮ ಸಂಘದ ಹಳದಿ ಬಿಲ್ಲೆಗಳು, ಮೂವತ್ತೊಂಬತ್ತು ಇದ್ದವು.

"ಬಿಲ್ಲಿ ಸಂಘದ್ದು, ಕಳೀಬ್ಯಾಡ್ರಿ ಅಂತ ಹೇಳಿದ್ರು. ತಂದೀನ್ರಿ," ಎಂದರು.

ನಾನು ಒಂದು ಬಿಲ್ಲೆಯನ್ನು ಕೈಗೆತ್ತಿಕೊಂಡೆ. ತೊಳೆದು ತಂದಿದ್ದರು. ಅದರ ಮೇಲಿನ ನಂಬರನ್ನು ಕಂಪ್ಯೂಟರಿನಲ್ಲಿ ಹಾಕಿದೆ. ಮಾಣಿಕಪ್ಪನ ಹೆಸರು ಬಂತು, ಮೃತ ಎಂದಿತ್ತು. ಸಂಬಂಧದ ಕಾಲಮಿನಲ್ಲಿ ಬೇವಾ ಎಂದಿತ್ತು. ಆ ಒಂದು ಕ್ಷಣದಲ್ಲಿ ನನಗೆ ಎಲ್ಲ ತಿಳಿಯಿತು, ಯಾವ ನಕ್ಷೆಯೂ ಬೇಕಾಗಲಿಲ್ಲ.

ಸೂಜಿಯ ದಿನ ಏನಾಯಿತೆಂದು ಅವರೇ ಹೇಳಿದರು. ಜೀಪು ಬಂದಾಗ ಎಲ್ಲರಂತೆ ಕುರಿಗಳನ್ನು ಹೊಡೆದುಕೊಂಡು ಬಂದು ನಿಂತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲ ಎಂದರು. ಇದೇ ನನ್ನ ನಂಬರು ಎಂದು ಕುರಿಯ ಕಿವಿ ಹಿಡಿದು ತೋರಿಸಿದರೆ, ಈ ನಂಬರೇ ಪಟ್ಟಿಯಲ್ಲಿಲ್ಲ, ವಾರಸುದಾರರಿಲ್ಲದ್ದಿರಬೇಕು ಎಂದರು. ಔರಾದಿಗೆ ಹೋದರೆ ಬೀದರಿಗೆ ಹೋಗಿ ಎಂದರು. ಬಿತ್ತನೆಯ ದಿನಗಳು, ಬರಲಾಗಲಿಲ್ಲ. ಇಷ್ಟನ್ನು ಅವರು ದೂರಿನಂತೆ ಹೇಳಲಿಲ್ಲ. ನಡೆದದ್ದನ್ನು ಒಂದಾದ ಮೇಲೊಂದು ಹೇಳಿದರು, ಆಮೇಲೆ ಕೇಳಿದರು.

"ಅಕ್ಕೋರ, ನನ್ನ ಹೆಸರು ಯಾಕ ತೆಗೆದ್ರಿ?"

ಕಂಪ್ಯೂಟರಿನ ದೋಷ ಎಂದು ಹೇಳಬಹುದಿತ್ತು. ಇಂಥ ಹೊತ್ತಿನಲ್ಲಿ ಎಲ್ಲ ಕಚೇರಿಗಳಲ್ಲೂ ಹೇಳುವುದು ಅದನ್ನೇ, ಕೇಳುವವರೂ ಒಪ್ಪುತ್ತಾರೆ. ನನ್ನ ನಾಲಗೆಯ ತುದಿಗೂ ಬಂದಿತ್ತು. ಆದರೆ ಆ ತೊಳೆದ ಬಿಲ್ಲೆಗಳ ಮುಂದೆ ಆಗಲಿಲ್ಲ. ಅವರನ್ನು ಗೋಡೆಯ ನಕ್ಷೆಯ ಹತ್ತಿರ ಕರೆದುಕೊಂಡು ಹೋದೆ. ಇಷ್ಟೊಂದು ಚೌಕಗಳು ಸೇರಿ ಪಟ್ಟಿ ಮಾಡುತ್ತವೆ, ಗಂಡ ತೀರಿಕೊಂಡವರ ಹೆಸರು ಬರುವುದು ಈ ಒಂದು ಚೌಕದಿಂದ ಎಂದು ಖಲೀಲ್ ಸಾಹೇಬರು ಬರೆದ ಚೌಕದ ಮೇಲೆ ಬೆರಳಿಟ್ಟೆ.

"ಇದಕ್ಕ ಎಲ್ಲಿಂದೂ ಗೆರಿ ಬಂದಿಲ್ಲ ನೋಡವ್ವ. ಯಾರಿಗೂ ಬೇಕಾಗಿಲ್ಲ ಅಂತ ತಿಳಕೊಂಡು ನಾನೇ ತೆಗದೆ."

ಅವರು ಹತ್ತಿರ ಹೋಗಿ ಆ ಚೌಕವನ್ನು ನೋಡಿದರು. ಓದು ಬರುತ್ತಿರಲಿಲ್ಲ ಅವರಿಗೆ, ಆದರೆ ಗೆರೆ ಇಲ್ಲದ್ದು ಕಾಣುತ್ತಿತ್ತು.

"ಗೆರಿ ಇಲ್ಲಂದ್ರ ಬಂದು ಕೇಳಬೇಕಿತ್ತಲ್ರಿ," ಎಂದರು. "ಔರಾದಿಗಿ ಬಸ್ ಅದ."

ನನಗೆ ಯಾರೂ ಅದಕ್ಕಿಂತ ದೊಡ್ಡ ಬೈಗುಳ ಬೈದಿಲ್ಲ. ಅವರು ಬೈಯಲೂ ಇಲ್ಲ. ಬಿಲ್ಲೆಗಳನ್ನು ಎಣಿಸಿಕೊಂಡು ರಸೀದಿ ಕೊಡಿ ಎಂದು ಕೇಳಿ, ಅದನ್ನು ಸೆರಗಿಗೆ ಕಟ್ಟಿಕೊಂಡು, ಒಂದೂವರೆಯ ಬಸ್ಸಿಗೆ ಹೋದರು.

ಅಂದೇ ಪ್ರೋಗ್ರಾಮನ್ನು ಹಳೆಯ ಪ್ರತಿಯಿಂದ ತೆಗೆದು ಮತ್ತೆ ಹಾಕಿದೆ. ಹತ್ತು ನಿಮಿಷದ ಕೆಲಸ. ಆಮೇಲೆ ನನ್ನ ತಪ್ಪನ್ನು ನಾನೇ ವಿವರವಾಗಿ ಬರೆದು ಮ್ಯಾನೇಜರ್ ಸಾಹೇಬರಿಗೆ ಕೊಟ್ಟೆ. ಜಗದೇವಿಗೆ ಸಂಘದ ಸಾಕಣೆ ಕೇಂದ್ರದಿಂದ ಹತ್ತು ಕುರಿಯನ್ನಾದರೂ ಕೊಡಬೇಕೆಂದು ಕೇಳಿದೆ. ಅವರು ಓದಿ ಕಾಗದವನ್ನು ಡ್ರಾದಲ್ಲಿಟ್ಟರು. ನೀನು ಬರೆದುಕೊಟ್ಟರೆ ಎಲ್ಲರ ಕುತ್ತಿಗೆಗೆ ಬರುತ್ತದೆ, ತಾಂತ್ರಿಕ ಕಾರಣ ಎಂದು ಬರೆಯೋಣ ಎಂದರು. ಮಂಡಳಿಯ ಸಭೆಯಲ್ಲಿ ಕುರಿ ಕೊಡುವ ವಿಷಯ ಬಂತು. ಆ ವರ್ಷದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಪರಿಹಾರ ಕೊಡಲು ಬರುತ್ತದೆ, ಈಕೆಯ ಹೆಸರು ಪಟ್ಟಿಯಲ್ಲಿ ಇರಲಿಲ್ಲವಲ್ಲ ಎಂದು ಒಬ್ಬರು ನಿಯಮ ತೋರಿಸಿದರು. ಹೆಸರು ಇರದಿದ್ದದ್ದಕ್ಕೇ ಕುರಿ ಸತ್ತದ್ದು ಎಂದು ನಾನು ಬಾಗಿಲ ಬಳಿಯಿಂದ ಹೇಳಿದೆ. ನೌಕರರು ಸಭೆಯಲ್ಲಿ ಮಾತಾಡುವಂತಿಲ್ಲ ಎಂದರು.

ನನಗೆ ಶಿಕ್ಷೆ ಆಗಲಿಲ್ಲ. ಆಗಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಆ ವರ್ಷದ ಕೊನೆಗೆ ಮೊದಲ ಶಾಲು ಹೊದಿಸಿದರು. ಅದನ್ನು ಹೊದ್ದು ನಿಂತಾಗ ನನಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಓಡಲಿಲ್ಲ, ಕೈ ಮುಗಿದೆ.

ಠಾಣಾ ಕುಶನೂರಿಗೆ ಒಮ್ಮೆ ಹೋಗಿದ್ದೆ. ನಾನೇ ನಾಲ್ಕು ಕುರಿ ಕೊಡಿಸುತ್ತೇನೆ ಎಂದು ಹೇಳಲು ಹೋದದ್ದು. ಹಟ್ಟಿಯ ಮುಳ್ಳುಬೇಲಿ ಹಾಗೇ ಇತ್ತು, ಒಳಗೆ ಯಾರದೋ ಜೋಳದ ಕಣಿಕೆಯ ಮೇವು ಒಟ್ಟಿದ್ದರು. ಜಗದೇವಿ ಬೇರೆಯವರ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋಗಿದ್ದರು, ಸಂಜೆ ಬಂದರು. ಚಹಾ ಮಾಡಿಕೊಟ್ಟರು. ನನ್ನ ಮಾತು ಕೇಳಿ ಬೇಡ ಎಂದರು. ಮೂವತ್ತೊಂಬತ್ತನ್ನು ಒಂದೊಂದಾಗಿ ಹೂಳಿದ ಮೇಲೆ ಮತ್ತೆ ಕಾಯುವ ಮನಸ್ಸಿಲ್ಲ ಎಂದರು. ಚಹಾ ಕುಡಿದು ಬಂದೆ.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು, ಅದನ್ನೂ ಹೇಳಿಬಿಡುತ್ತೇನೆ. ಪ್ರೋಗ್ರಾಮನ್ನು ಓದಿ ಬರೆದ ಚಿತ್ರವನ್ನು ನಂಬುವುದು ಬಿಟ್ಟೆ. ಪ್ರತಿ ಪ್ರೋಗ್ರಾಮೂ ತನ್ನನ್ನು ಯಾರು, ಯಾವಾಗ, ಎಲ್ಲಿಂದ ಕರೆದರು ಎಂದು ಒಂದು ಫೈಲಿನಲ್ಲಿ ಬರೆದಿಡುವಂತೆ ಮಾಡಿದೆ. ಅದನ್ನು ಒಂದು ಪೂರ್ತಿ ವರ್ಷ ಬಿಟ್ಟೆ. ವರ್ಷಕ್ಕೊಮ್ಮೆ ಮಾತ್ರ ಎದ್ದು ನಾಲ್ಕು ಸಾಲು ಬರೆದು ಮಲಗುವ ಪ್ರೋಗ್ರಾಮುಗಳು ಇರುತ್ತವೆ. ಒಂದು ತಿಂಗಳು ನೋಡಿ ಸತ್ತಿವೆ ಅನ್ನಬಾರದು. ನಡೆದದ್ದನ್ನು ನೋಡಿ ಎಳೆದ ಗೆರೆಗಳನ್ನು ಚುಕ್ಕೆಗಳಲ್ಲಿ ತೋರಿಸಿದೆ. ಸಿಗದ ಪ್ರೋಗ್ರಾಮನ್ನು ದಾಟಿ ಹೋಗುವ ಆ ಸಾಲನ್ನು ಕಿತ್ತುಹಾಕಿ, ಸಿಗದಿದ್ದರೆ ಅಲ್ಲಿಯೇ ನಿಂತು ಕೂಗುವಂತೆ ಮಾಡಿದೆ. ನಿವೃತ್ತರಾಗಿದ್ದ ಖಲೀಲ್ ಸಾಹೇಬರನ್ನು ಮನೆಯಿಂದ ಕರೆಸಿ ಬಟ್ಟೆಯ ನಕ್ಷೆಯಲ್ಲಿ ಬೇವಾ ಚೌಕಕ್ಕೆ ಒಂದು ಚುಕ್ಕೆ ಗೆರೆ ಎಳೆಸಿದೆ. ನಾನು ಅಂದೇ ಹೇಳಿದ್ದೆ ಎಂಬ ಮಾತನ್ನು ಅವರು ಆಡಲಿಲ್ಲ.

ಇದೆಲ್ಲ ಒಳ್ಳೆಯ ಪದ್ಧತಿಯೇ, ಕಲಿತುಕೊಳ್ಳಿ. ಆದರೆ ಇದರಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಈಗಿನವರ ಬಳಿ ಇನ್ನೂ ದೊಡ್ಡ ಉಪಕರಣಗಳಿವೆ. ನನ್ನ ಕೊನೆಯ ವರ್ಷಗಳಲ್ಲಿ ಬಂದ ಹೊಸ ಎಂಜಿನಿಯರು ಇಡೀ ವ್ಯವಸ್ಥೆಯನ್ನು ಒಂದು ಪಟ್ಟಣದ ಹಾಗೆ ತೋರಿಸುತ್ತಿದ್ದರು. ದೊಡ್ಡ ಪ್ರೋಗ್ರಾಮಿಗೆ ಎತ್ತರದ ಕಟ್ಟಡ, ಸಣ್ಣದಕ್ಕೆ ಗಿಡ್ಡದು. ಸ್ಕ್ರೀನಿನ ಮೇಲೆ ಅದರ ನಡುವೆ ಹಾರಿ ಬರಬಹುದು. ಮಂಡಳಿಯವರು ಚಪ್ಪಾಳೆ ತಟ್ಟಿದರು. ನಾನು ಅದರಲ್ಲಿ ನಲವತ್ತು ಸಾಲಿನ ಆ ಪ್ರೋಗ್ರಾಮನ್ನು ಹುಡುಕಿದೆ. ಎತ್ತರವೇ ಇಲ್ಲದ್ದರಿಂದ ಅದು ನೆಲಕ್ಕೆ ಅಂಟಿಕೊಂಡಿತ್ತು. ಎಂಜಿನಿಯರು ಒಳ್ಳೆಯವರು, ಬುದ್ಧಿವಂತರು. ನನಗಿಂತ ಎಷ್ಟೋ ಪಾಲು ಹೆಚ್ಚು ತಿಳಿದವರು. ನಾನೂ ಆ ವಯಸ್ಸಿನಲ್ಲಿ ಹಾಗೇ ಇದ್ದೆ, ಅದೇ ನನಗೆ ಭಯ.

ಬೇವಾ ಪ್ರೋಗ್ರಾಮು ಸರಿಯಾದ ಮೇಲೆ ಠಾಣಾ ಕುಶನೂರಿನ ಪಟ್ಟಿಯಲ್ಲಿ ಪ್ರತಿ ವರ್ಷ ಒಂದು ಸಾಲು ತಪ್ಪದೆ ಬರುತ್ತಿತ್ತು. ಜಗದೇವಿ, ಬೇವಾ ಮಾಣಿಕಪ್ಪ, ಕುರಿ ಸೊನ್ನೆ, ಡೋಸು ಸೊನ್ನೆ. ತಂಡದವರು ಆ ಸಾಲನ್ನು ದಾಟಿ ಮುಂದಿನ ಹಟ್ಟಿಗೆ ಹೋಗುತ್ತಿದ್ದರು. ನಾನು ಪ್ರತಿ ವರ್ಷ ಪಟ್ಟಿ ಹೊರಡುವ ಮೊದಲು ಆ ಸಾಲು ಇದೆಯೇ ಎಂದು ನೋಡುತ್ತಿದ್ದೆ. ನಿವೃತ್ತಿಗೆ ಸ್ವಲ್ಪ ಮೊದಲು ಹೊಸ ಎಂಜಿನಿಯರು ಬಂದು, ಕುರಿ ಇಲ್ಲದವರ ಸಾಲುಗಳು ಪಟ್ಟಿಯಲ್ಲಿ ಸುಮ್ಮನೆ ಜಾಗ ತಿನ್ನುತ್ತಿವೆ, ತೆಗೆದರೆ ಪಟ್ಟಿ ಸ್ವಚ್ಛವಾಗುತ್ತದೆ ಎಂದರು. ನಾನು ಬೇಡ ಎಂದೆ. ಕಾರಣವನ್ನೂ ಹೇಳಿದೆ, ಈಗ ಬರೆದ ಇಷ್ಟನ್ನೂ ಹೇಳಿದೆ. ಅವರು ಗೌರವದಿಂದ ಕೇಳಿಸಿಕೊಂಡರು.

ಹೋದ ವರ್ಷ ಔರಾದಿಗೆ ಹೋದಾಗ ಶಾಖೆಯ ಬಾಗಿಲಿಗೆ ಲಸಿಕೆಯ ಪಟ್ಟಿ ಅಂಟಿಸಿದ್ದರು. ಠಾಣಾ ಕುಶನೂರಿನ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ಪಟ್ಟಿ ಬಹಳ ಸ್ವಚ್ಛವಾಗಿತ್ತು. ಒಳಗೆ ಹೋಗಿ ವಿಚಾರಿಸಿದೆ. ಈ ಸಲ ಎಲ್ಲರನ್ನೂ ಕೇಳಿ, ಮಂಡಳಿಯ ಒಪ್ಪಿಗೆ ಪಡೆದು, ಸರಿಯಾದ ರೀತಿಯಲ್ಲಿಯೇ ಕುರಿ ಸೊನ್ನೆ ಎಂದಿದ್ದ ಆ ಸಾಲನ್ನು ತೆಗೆದಿದ್ದಾರೆ. ಜಗದೇವಿಯೊಬ್ಬರನ್ನು ಮಾತ್ರ ಕೇಳಿಲ್ಲ.